ವೀಸಾಕ್ಕೆ ತೋರಿಸುವ ಹಣ, ಅಡಮಾನಕ್ಕೆ ಹೋಗುವ ಮನೆ

ಕರಾವಳಿಯಿಂದ ಕೆಲಸ ಹುಡುಕಿಕೊಂಡು ಹೋಗಿ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಮನೆ ಕಟ್ಟಿಕೊಂಡ ಕುಟುಂಬಗಳು ನಮ್ಮ ಓದುಗರಲ್ಲಿ ಅನೇಕರಿಗೆ ನೆಂಟರೇ. ಆ ಮನೆಗಳ ಎರಡನೇ ತಲೆಮಾರು ಈಗ ಮೈಸೂರು ರಸ್ತೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪದವಿ ಮುಗಿಸಿ ಜರ್ಮನಿ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳತ್ತ ಮುಖ ಮಾಡಿದೆ. ವಿಶ್ವವಿದ್ಯಾಲಯದ ಪ್ರವೇಶ ಪತ್ರ ಬಂದ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ಆದರೆ ಅಸಲು ಪರೀಕ್ಷೆ ಆಮೇಲಿನದು. ಅಲ್ಲಿ ಊಟಕ್ಕೆ, ಬಾಡಿಗೆಗೆ ಹಣ ಎಲ್ಲಿಂದ? ಕಾಯಿಲೆ ಬಿದ್ದರೆ ಆಸ್ಪತ್ರೆಯ ಬಿಲ್ಲು ಕಟ್ಟುವವರು ಯಾರು? ವೀಸಾ ಅಧಿಕಾರಿ ಈ ಎರಡಕ್ಕೂ ಕಾಗದದ ಮೇಲೆ ಉತ್ತರ ಕೇಳುತ್ತಾನೆ.

ಜರ್ಮನಿಯನ್ನೇ ನೋಡೋಣ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ ಎಂಬ ಮಾತು ಕೇಳಿಯೇ ಮಧ್ಯಮ ವರ್ಗದ ಹೆತ್ತವರು ಧೈರ್ಯ ಮಾಡುತ್ತಾರೆ. ಆದರೆ ವಿದ್ಯಾರ್ಥಿಯ ಹೆಸರಿನ ಒಂದು ತಡೆಹಿಡಿದ ಖಾತೆಯಲ್ಲಿ ಒಂದು ವರ್ಷದ ಜೀವನ ವೆಚ್ಚವನ್ನು ಮೊದಲೇ ಇಡಬೇಕು. 2024ರ ಸೆಪ್ಟೆಂಬರಿನಿಂದ ಈ ಮೊತ್ತ 11,904 ಯೂರೊ, ಅಂದರೆ ಸುಮಾರು 12 ಲಕ್ಷ ರೂಪಾಯಿ. ವಿದ್ಯಾರ್ಥಿ ಅಲ್ಲಿಗೆ ತಲುಪಿದ ಮೇಲೆ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಸಿಗುತ್ತದೆ. 2018ರಲ್ಲಿ ಇದೇ ಮೊತ್ತ 8,640 ಯೂರೊ ಇತ್ತು, ಅಂದಿನ ಲೆಕ್ಕದಲ್ಲಿ ಸುಮಾರು 7 ಲಕ್ಷ ರೂಪಾಯಿ. ಯೂರೊ ಲೆಕ್ಕ ಏರಿತು, ರೂಪಾಯಿ ಬೆಲೆ ಇಳಿಯಿತು. ಎರಡೂ ಸೇರಿ ನಮ್ಮವರ ಮೇಲೆ ಬಿದ್ದ ಹೊರೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು.

ಈ 992 ಯಾರೋ ಮನಸ್ಸಿಗೆ ಬಂದಂತೆ ಬರೆದ ಅಂಕಿಯಲ್ಲ. ಹೆತ್ತವರಿಂದ ದೂರ ಇದ್ದು ಓದುವ ಜರ್ಮನ್ ವಿದ್ಯಾರ್ಥಿಗೆ ಅಲ್ಲಿನ ಸರ್ಕಾರ ಕೊಡುವ ವಿದ್ಯಾರ್ಥಿ ನೆರವಿನ ಗರಿಷ್ಠ ಮಿತಿ ಅದು. ಅದರೊಳಗೇ 137 ಯೂರೊ ಆರೋಗ್ಯ ಮತ್ತು ಆರೈಕೆ ವಿಮೆಗೆಂದು ಸೇರಿದೆ. ಆದ್ದರಿಂದ 12 ಲಕ್ಷ ಕಟ್ಟಿದ್ದೇವೆ, ಇನ್ನು ಚಿಂತೆಯಿಲ್ಲ ಎಂದು ತಂದೆ ತಾಯಿ ಭಾವಿಸುವುದು ಸರಿಯಲ್ಲ. ಮ್ಯೂನಿಕ್‌ನಂಥ ಊರಿನಲ್ಲಿ ಬಾಡಿಗೆಯೇ ಇದರ ದೊಡ್ಡ ಪಾಲನ್ನು ನುಂಗುತ್ತದೆ.

ಹಣ ಬರುವುದು ಎಲ್ಲಿಂದ? ಬಹುಪಾಲು ಮನೆಯ ಪತ್ರದಿಂದ. ಶಿಕ್ಷಣ ಸಾಲ 7.5 ಲಕ್ಷ ಮೀರಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ. ಇಲ್ಲಿ ಪಶ್ಚಿಮ ಬೆಂಗಳೂರಿನ ಒಂದು ವಿಚಿತ್ರ ಕಾಣುತ್ತದೆ. ಕೆಂಗೇರಿ ಉಪನಗರದಲ್ಲೋ ನಾಗರಭಾವಿಯಲ್ಲೋ ಬಿ.ಡಿ.ಎ. ನಿವೇಶನ ಸಿಕ್ಕವನ ಪತ್ರವನ್ನು ಬ್ಯಾಂಕ್ ಮ್ಯಾನೇಜರು ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಅಲ್ಲಿಂದ ತುಸುವೇ ದೂರದಲ್ಲಿ ರೆವಿನ್ಯೂ ಸೈಟು ಕೊಂಡು, ಬಿ ಖಾತೆ ಹೊಂದಿ, ವರ್ಷವರ್ಷ ತೆರಿಗೆ ಕಟ್ಟಿದವನಿಗೆ ಅದೇ ಬ್ಯಾಂಕಿನಲ್ಲಿ ಬಾಗಿಲು ತೆರೆಯುವುದು ಕಷ್ಟ. ಮನೆ ಅಷ್ಟೇ ಗಟ್ಟಿ, ಬೆಲೆಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಇಬ್ಬರ ಮಕ್ಕಳಲ್ಲಿ ಒಬ್ಬನಿಗೆ ಕಡಿಮೆ ಬಡ್ಡಿಯ ಸಾಲ, ಇನ್ನೊಬ್ಬನಿಗೆ ಖಾಸಗಿ ಹಣಕಾಸು ಸಂಸ್ಥೆಯ ದುಬಾರಿ ಸಾಲ. ಬಿ ಖಾತೆಯನ್ನು ಎ ಖಾತೆಗೆ ಬದಲಿಸಿಕೊಳ್ಳುವ ಅವಕಾಶವನ್ನು ರಾಜ್ಯ ಸರ್ಕಾರ 2025ರ ಕೊನೆಯಲ್ಲಿ ತೆರೆಯಿತು. ಎರಡು ಮೂರು ವರ್ಷಗಳಲ್ಲಿ ಮಕ್ಕಳನ್ನು ಹೊರಗೆ ಕಳುಹಿಸುವ ಯೋಚನೆ ಇರುವವರು ಪ್ರವೇಶ ಪತ್ರಕ್ಕೆ ಕಾಯದೆ ಈಗಲೇ ಖಾತೆಯ ಕೆಲಸ ನೋಡಿಕೊಳ್ಳುವುದು ಒಳಿತು. ವೀಸಾ ದಿನಾಂಕ ಎದುರಿಗಿರುವಾಗ ಪಾಲಿಕೆಯ ಕಚೇರಿಗೆ ಅಲೆಯುವುದು ಸುಲಭದ ಮಾತಲ್ಲ.

ಇನ್ನೊಂದು ಲೆಕ್ಕವನ್ನು ಯಾರೂ ಹೇಳಿಕೊಡುವುದಿಲ್ಲ. ಉದಾಹರಣೆಗೆ, ಶೇಕಡಾ 10ರ ಬಡ್ಡಿಗೆ 12 ಲಕ್ಷ ಸಾಲ ತಂದು ಆ ಖಾತೆಯಲ್ಲಿಟ್ಟರೆ ಬಡ್ಡಿ ಮೊದಲ ದಿನದಿಂದಲೇ ಪೂರ್ತಿ ಮೊತ್ತದ ಮೇಲೆ ಓಡುತ್ತದೆ, ತಿಂಗಳಿಗೆ 10,000 ರೂಪಾಯಿ. ಹಣ ಮಾತ್ರ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಕುಳಿತಿರುತ್ತದೆ.

ಸರ್ಕಾರದ ನೆರವು? ಕ್ರೈಸ್ತರೂ ಸೇರಿದಂತೆ ಅಲ್ಪಸಂಖ್ಯಾತ ಸಮುದಾಯಗಳ ಬಡ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಭರಿಸುತ್ತಿದ್ದ ಕೇಂದ್ರದ ‘ಪಢೋ ಪರದೇಶ್’ ಯೋಜನೆ 2022-23ರಿಂದ ನಿಂತುಹೋಗಿದೆ. ಇದು ಇನ್ನೂ ಇದೆ ಎಂದು ನಂಬಿದವರನ್ನು ನಾವು ಈಗಲೂ ಕಾಣುತ್ತೇವೆ. 2024ರ ನವೆಂಬರಿನಲ್ಲಿ ಬಂದ ‘ಪಿ.ಎಂ. ವಿದ್ಯಾಲಕ್ಷ್ಮಿ’ ಭಾರತದೊಳಗಿನ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ವಿದೇಶ ವ್ಯಾಸಂಗ ಸಾಲದ ಬಗ್ಗೆ ವಿಚಾರಿಸುವುದು ಉಪಯುಕ್ತ, ಆದರೆ ಅರ್ಜಿಯ ಕಾಲವನ್ನು ಗಮನಿಸುತ್ತಿರಬೇಕು.

ಹೀಗೆ ದಾರಿಗಳು ಮುಚ್ಚಿದಾಗ ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಯಾರಿಂದಲೋ ಕೆಲವು ವಾರಗಳ ಮಟ್ಟಿಗೆ ಹಣ ಪಡೆದು ಖಾತೆಯಲ್ಲಿ ತೋರಿಸಿ, ಕಮಿಷನ್ ಕೊಟ್ಟು ಹಿಂದಿರುಗಿಸುವುದು. ಬ್ರಿಟನ್ನಿನ ನಿಯಮವೇ ಇದಕ್ಕೆ ಎಡೆ ಮಾಡಿಕೊಡುವಂತಿದೆ: ಮೊದಲ ವರ್ಷದ ಬಾಕಿ ಶುಲ್ಕದ ಜೊತೆಗೆ ಒಂಬತ್ತು ತಿಂಗಳವರೆಗಿನ ಖರ್ಚು (2025ರ ನವೆಂಬರ್ 11ರಿಂದ ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171) ಸತತ 28 ದಿನ ಖಾತೆಯಲ್ಲಿ ಇದ್ದರೆ ಸಾಕು. ಒಂದೇ ಒಂದು ದಿನ ಮೊತ್ತ ಇಳಿದರೂ ಅರ್ಜಿ ಬಿದ್ದುಹೋಗುತ್ತದೆ. ಷೇರು ನಡೆಯುವುದಿಲ್ಲ, ಅಮ್ಮನ ಚಿನ್ನವೂ ನಡೆಯುವುದಿಲ್ಲ. ಭಾರತದ ಅನೇಕ ಸಹಕಾರಿ ಬ್ಯಾಂಕುಗಳನ್ನು ಬ್ರಿಟನ್ ಒಂದು ಕಾಲದಲ್ಲಿ ಒಪ್ಪದ ಪಟ್ಟಿಯಲ್ಲೇ ಇಟ್ಟಿತ್ತು. ಸೊಸೈಟಿಯಲ್ಲಿ ಠೇವಣಿ ಇಟ್ಟಿರುವ ನಮ್ಮವರು ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಬಾಡಿಗೆ ಹಣದ ಆಟದಲ್ಲಿ ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಬ್ರಿಟನ್ನಿಗೆ ಹತ್ತು ವರ್ಷ, ಕೆನಡಾಕ್ಕೆ ಐದು ವರ್ಷ ಪ್ರವೇಶವಿಲ್ಲ. ಸಿಕ್ಕಿಬೀಳದಿದ್ದರೂ ಹುಡುಗ ಅಲ್ಲಿ ಇಳಿದ ದಿನ ಕೈ ಬರಿದು. ಓದು ಬಿಟ್ಟು ಅನುಮತಿಗಿಂತ ಹೆಚ್ಚು ಗಂಟೆ ದುಡಿಯಲು ಹೊರಟರೆ ವೀಸಾಕ್ಕೇ ಕುತ್ತು. ನಮ್ಮ ಅಭಿಪ್ರಾಯದಲ್ಲಿ ಈ ಎರಡನೇ ಸಂಕಟವೇ ದೊಡ್ಡದು.

ಕೆನಡಾ 2023ರವರೆಗೆ 10,000 ಡಾಲರ್ ಕೇಳುತ್ತಿತ್ತು. 2024ರ ಜನವರಿಯಿಂದ 20,635, 2025ರ ಸೆಪ್ಟೆಂಬರಿನಿಂದ 22,895 ಕೆನಡಾ ಡಾಲರ್. ಆಸ್ಟ್ರೇಲಿಯಾ 2024ರ ಮೇ ತಿಂಗಳಲ್ಲಿ 29,710 ಆಸ್ಟ್ರೇಲಿಯನ್ ಡಾಲರಿಗೆ ಏರಿಸಿತು. ಬಾಡಿಗೆ ಏರಿದ್ದು ನಿಜ. ವಿದ್ಯಾರ್ಥಿಗಳ ಸಂಖ್ಯೆ ತಗ್ಗಿಸುವ ರಾಜಕೀಯವೂ ಇದರೊಳಗಿದೆ ಎಂಬುದು ಅಷ್ಟೇ ನಿಜ.

ಇನ್ನು ಆರೋಗ್ಯ ವಿಮೆ. ಹಣದ ಗಡಿಬಿಡಿಯಲ್ಲಿ ಇದನ್ನು ಅರ್ಜಿಗೆ ಅಂಟಿಸುವ ಇನ್ನೊಂದು ಚೀಟಿ ಎಂಬಂತೆ ಅಗ್ಗದ್ದನ್ನು ಕೊಂಡುಬಿಡುತ್ತಾರೆ. ರಾಜಾಜಿನಗರದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ, ಅಲ್ಲಿ ಇ.ಎಸ್.ಐ. ಆಸ್ಪತ್ರೆಯೇ ಇದೆ. ಕೈಗಾರಿಕಾ ಬಡಾವಣೆಯ ಕಾರ್ಮಿಕನ ಸಂಬಳದಿಂದ ಶೇಕಡಾ 0.75 ಹಿಡಿದು, ಮಾಲೀಕ ಶೇಕಡಾ 3.25 ಸೇರಿಸಿ, ಕಾಯಿಲೆ ಎಷ್ಟು ದೊಡ್ಡದೆಂದು ಕೇಳದೆ ಚಿಕಿತ್ಸೆ ಕೊಡುವ ವ್ಯವಸ್ಥೆ ಅದು. ಜರ್ಮನಿಯಲ್ಲಿ 1883ರಲ್ಲಿ ಬಿಸ್ಮಾರ್ಕ್ ತಂದ ಕಾಯಿದೆಯಿಂದ ಬೆಳೆದ ಸಾರ್ವಜನಿಕ ವಿಮೆಯ ತತ್ತ್ವವೂ ಇದೇ. 30 ವರ್ಷದೊಳಗಿನ ವಿದ್ಯಾರ್ಥಿ ರಿಯಾಯಿತಿ ದರದಲ್ಲಿ ಅದಕ್ಕೆ ಸೇರಬಹುದು. ಕೆಲವರು ತಿಂಗಳಿಗೆ ಕೆಲವು ಯೂರೊ ಉಳಿಸಲು ಖಾಸಗಿ ಪಾಲಿಸಿ ತೆಗೆದುಕೊಂಡು ಸಾರ್ವಜನಿಕ ವಿಮೆಯಿಂದ ವಿನಾಯಿತಿ ಪಡೆಯುತ್ತಾರೆ. ಆ ವಿನಾಯಿತಿಯನ್ನು ಓದು ಮುಗಿಯುವವರೆಗೆ ಹಿಂಪಡೆಯಲು ಬರುವುದಿಲ್ಲ. ನಾಲ್ಕೈದು ವರ್ಷ ಕೆಲಸ ಮಾಡಿ ಆಮೇಲೆ ಓದಲು ಹೋಗುವವರು ಮೂವತ್ತು ದಾಟಿದ್ದರೆ ಅವರಿಗೆ ವಿದ್ಯಾರ್ಥಿ ದರದ ಬಾಗಿಲೇ ಮುಚ್ಚಿರುತ್ತದೆ.

ಬೇರೆಡೆ ಬೇರೆ ಕ್ರಮ. ಬ್ರಿಟನ್ ವೀಸಾ ಅರ್ಜಿಯ ಜೊತೆಗೇ ವರ್ಷಕ್ಕೆ 776 ಪೌಂಡಿನಂತೆ ಇಡೀ ಅವಧಿಯ ಆರೋಗ್ಯ ಶುಲ್ಕವನ್ನು ಮುಂಗಡ ವಸೂಲು ಮಾಡುತ್ತದೆ. 2024ರ ಫೆಬ್ರವರಿಗೆ ಮುಂಚೆ ಇದು 470 ಇತ್ತು. ಆಸ್ಟ್ರೇಲಿಯಾದ ಕಡ್ಡಾಯ ವಿಮೆಯಲ್ಲಿ, ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ 12 ತಿಂಗಳು ಕಾಯಬೇಕು. ಕೆನಡಾದಲ್ಲಿ ಪ್ರಾಂತ್ಯಕ್ಕೊಂದು ನಿಯಮ: ಬ್ರಿಟಿಷ್ ಕೊಲಂಬಿಯಾ ತಿಂಗಳ ಶುಲ್ಕ ಪಡೆದು ವಿದೇಶಿ ವಿದ್ಯಾರ್ಥಿಯನ್ನು ಸರ್ಕಾರಿ ಯೋಜನೆಗೆ ಸೇರಿಸಿಕೊಳ್ಳುತ್ತದೆ, ಒಂಟಾರಿಯೊ ಸೇರಿಸಿಕೊಳ್ಳುವುದಿಲ್ಲ. ಆಸ್ತಮಾ, ಥೈರಾಯ್ಡ್, ಸಕ್ಕರೆ ಕಾಯಿಲೆ ಇರುವ ಮಕ್ಕಳ ಹೆತ್ತವರು ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದದೆ ಹಣ ಕಟ್ಟಬಾರದು.

ಧರ್ಮಕೇಂದ್ರದ ಕಚೇರಿಗೂ ಗುರಿಕಾರರ ಮನೆಗೂ ಈಗ ಶಿಫಾರಸು ಪತ್ರ ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಪತ್ರ ಕೊಡುವ ಮುನ್ನ ಎರಡು ವಿಷಯ ಕೇಳಿದರೆ ಉಪಕಾರವಾದೀತು: ಸಾಲಕ್ಕೆ ಅಡವಿಡುವ ಮನೆಯಲ್ಲಿ ವಾಸವಿರುವ ಅಜ್ಜ ಅಜ್ಜಿಗೆ ವಿಷಯ ಗೊತ್ತಿದೆಯೇ? ಹಣ ಹೊಂದಿಸುವ ಭರದಲ್ಲಿ ತಂದೆ ತಾಯಿ ತಮ್ಮ ಸ್ವಂತ ಆರೋಗ್ಯ ವಿಮೆಯ ಕಂತನ್ನು ಈ ವರ್ಷ ಕಟ್ಟಿದ್ದಾರೆಯೇ?