ಕುಂಬ್ಳೆಯವರ ದವಡೆ ಮತ್ತು ನಮ್ಮ ಆನ್‌ಲೈನ್ ಅಂಗಡಿಗಳು



ಕಳೆದ ಯುಗಾದಿ ಸಂಭ್ರಮದಂದು ನಮ್ಮ ವೇದಿಕೆಯಲ್ಲಿ ನಡೆದ ಉಪನ್ಯಾಸವೊಂದರ ಕುರಿತು ನನ್ನ ತಕರಾರನ್ನು ಇಲ್ಲಿ ದಾಖಲಿಸಬಯಸುತ್ತೇನೆ. ಉಪನ್ಯಾಸಕರು ಸಜ್ಜನರು, ಒಳ್ಳೆಯ ಮಾತುಗಾರರು. ಊಟದ ಪಂಕ್ತಿಯಲ್ಲಿ ಅಕ್ಕಪಕ್ಕದಲ್ಲಿ ಕುಳಿತು ಒಬ್ಬಟ್ಟು ಸವಿದಿದ್ದೇವೆ, ವೈಮನಸ್ಯವೇನೂ ಇಲ್ಲ. ಆದರೆ ವೃತ್ತಿಪರ ಕ್ರೀಡೆಯಿಂದ ಆನ್‌ಲೈನ್ ಉದ್ಯಮಿಗಳು ಕಲಿಯಬೇಕಾದ ಪಾಠಗಳೆಂದು ಅವರು ಹೇಳಿದ್ದನ್ನು ಕೇಳಿ, ನಮ್ಮ ಬಳಗದ ಇಬ್ಬರು ತರುಣರು ನೌಕರಿಗೆ ರಾಜೀನಾಮೆ ಬರೆಯಲು ಸಿದ್ಧರಾಗಿದ್ದಾರೆ. ಒಬ್ಬರ ಮನೆಯಲ್ಲಿ ಎಂಟು ತಿಂಗಳ ಕೂಸಿದೆ. ಹೀಗಿರುವಾಗ ಸುಮ್ಮನಿರುವುದು ನನಗೆ ಸಾಧ್ಯವಾಗಲಿಲ್ಲ.

ಉಪನ್ಯಾಸದ ನಡುವೆ ಪರದೆಯ ಮೇಲೆ ಅನಿಲ್ ಕುಂಬ್ಳೆಯವರ ಚಿತ್ರ ಮೂಡಿತು. 2002ರ ಮೇ ತಿಂಗಳು, ಆಂಟಿಗಾ ಟೆಸ್ಟ್. ಡಿಲನ್ ಎಸೆದ ಚೆಂಡು ಬಡಿದು ದವಡೆ ಮುರಿದಿದ್ದರೂ, ಮುಖಕ್ಕೆ ಬಿಳಿ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು ಲಾರಾರ ವಿಕೆಟ್ ಪಡೆದ ದಿನ ಅದು. "ದವಡೆ ಮುರಿದರೂ ನಿಲ್ಲಲಿಲ್ಲ, ನೀವೇಕೆ ನಿಲ್ಲುತ್ತೀರಿ?" ಎಂದು ಉಪನ್ಯಾಸಕರು ಕೇಳಿದರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಸುಳ್ಳೇಕೆ? ಬೆಂಗಳೂರಿನಲ್ಲಿ ಬೆಳೆದವನಿಗೆ ಆ ಚಿತ್ರ ಕಂಡರೆ ಇಂದಿಗೂ ಗಂಟಲು ಬಿಗಿಯುತ್ತದೆ.

ಆದರೆ ವೈದ್ಯನಾದವನು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಮುಂದೇನಾಯಿತು? ಕುಂಬ್ಳೆಯವರು ಅದಾದ ಬೆನ್ನಲ್ಲೇ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಹಿಂದಿರುಗಿದರು. ಸರಣಿಯ ಕೊನೆಯ ಟೆಸ್ಟನ್ನು ಅವರು ಆಡಲಿಲ್ಲ. ಅದಕ್ಕೂ ಹಿಂದೆ ಭುಜದ ಗಾಯ ಬಾಧಿಸಿದಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಆಟದಿಂದ ಹೊರಗುಳಿದಿದ್ದರು. 2001ರ ಆ ಪ್ರಸಿದ್ಧ ಆಸ್ಟ್ರೇಲಿಯಾ ಸರಣಿ, ಲಕ್ಷ್ಮಣ್ ಮತ್ತು ದ್ರಾವಿಡ್ ದಿನವಿಡೀ ಆಡಿದ ಕೋಲ್ಕತ್ತ ಟೆಸ್ಟಿನ ಸರಣಿ, ಅವರಿಲ್ಲದೆಯೇ ನಡೆಯಿತು. ಮರಳಿ ಬಂದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ 300ನೇ ವಿಕೆಟ್ ಪಡೆದರು. ನಿವೃತ್ತರಾದಾಗ ಒಟ್ಟು ವಿಕೆಟ್‌ಗಳು 619. ಅಂದರೆ ಅವರ ಸಾಧನೆಯ ದೊಡ್ಡ ಪಾಲು ಬಂದದ್ದು, ಅವರು ನಿಂತು, ಮಲಗಿ, ದುರಸ್ತಿಗೊಂಡು ಎದ್ದ ಮೇಲೆ. ಆ 14 ಓವರುಗಳು ಒಂದು ಮಧ್ಯಾಹ್ನದ ಮಾತು. ಉಪನ್ಯಾಸಕರು ಒಂದು ಮಧ್ಯಾಹ್ನವನ್ನು ತೋರಿಸಿ ಅದನ್ನೇ ಬದುಕುವ ವಿಧಾನವೆಂದು ಬೋಧಿಸಿದರು.

ಇನ್ನೊಂದು ಸಂಗತಿ. 2001ರಲ್ಲಿ ಕುಂಬ್ಳೆ ಇಲ್ಲದಿದ್ದಾಗ ಹರ್ಭಜನ್ ಮೂರೇ ಟೆಸ್ಟುಗಳಲ್ಲಿ 32 ವಿಕೆಟ್ ಕಿತ್ತರು. ಒಬ್ಬ ಬಿದ್ದರೆ ಇನ್ನೊಬ್ಬ ನಿಲ್ಲುವಂತೆ ಕಟ್ಟಿದ್ದರಿಂದಲೇ ಅದು ತಂಡ. ನಮ್ಮ ತರುಣರು ಆರಂಭಿಸಲಿರುವ ಅಂಗಡಿಯಲ್ಲಿ ಸರಕು ತರಿಸುವವರು, ಜಾಹೀರಾತು ಬರೆಯುವವರು, ಪೊಟ್ಟಣ ಕಟ್ಟುವವರು, ಗ್ರಾಹಕರ ಬೈಗುಳ ಕೇಳುವವರು ಎಲ್ಲರೂ ಒಬ್ಬರೇ. ಆ ಒಬ್ಬರಿಗೆ ಜ್ವರ ಬಂದ ದಿನ ಚೆಂಡು ಯಾರ ಕೈಗೆ ಹೋಗುತ್ತದೆ?

ಇದನ್ನು ಪುಸ್ತಕ ಓದಿ ಬರೆಯುತ್ತಿಲ್ಲ. 2021ರ ಬೇಸಿಗೆಯಲ್ಲಿ ನಾನು, ನನ್ನ ಪತ್ನಿ ಮತ್ತು ಗೆಳೆಯನೊಬ್ಬ ಸೇರಿ ಚನ್ನಪಟ್ಟಣದ ಗೊಂಬೆಗಳನ್ನು ಇಲ್ಲಿ ಮಾರುವ ಆನ್‌ಲೈನ್ ಮಳಿಗೆಯೊಂದನ್ನು ತೆರೆದೆವು. ಆಲೆ ಮರದ ಬುಗುರಿ, ಅರಗಿನ ಬಣ್ಣದ ಗಿಲಕಿ, ಎತ್ತಿನ ಗಾಡಿ. ನಮ್ಮೂರ ಕಸುಬುದಾರರಿಗೆ ನಾಲ್ಕು ಕಾಸು, ಇಲ್ಲಿನ ಮಕ್ಕಳಿಗೆ ನಮ್ಮೂರಿನ ಗುರುತು, ಉದ್ದೇಶದಲ್ಲಿ ಲೋಪವಿರಲಿಲ್ಲ. ಆಸ್ಪತ್ರೆಯ ಪಾಳಿ ಮುಗಿಸಿ ಬಂದು ರಾತ್ರಿ ಎರಡರವರೆಗೆ ಪೊಟ್ಟಣ ಕಟ್ಟುತ್ತಿದ್ದೆವು. ಛಲವೊಂದಿದ್ದರೆ ಸಾಕೆಂಬ ಮಾತು ನಿಜವೇ ಆಗಿದ್ದರೆ ನಾವು ಗೆಲ್ಲಬೇಕಿತ್ತು.

ಹತ್ತನೆಯ ತಿಂಗಳಲ್ಲಿ ಗ್ರಾಹಕಿಯೊಬ್ಬರು ಬಹಳ ಸೌಜನ್ಯದಿಂದ ಕೇಳಿದರು: "ಗಿಲಕಿಯ ಮೇಲೆ ಸುರಕ್ಷತಾ ಮುದ್ರೆ ಕಾಣುತ್ತಿಲ್ಲವಲ್ಲ?" ಬ್ರಿಟನ್ನಿನಲ್ಲಿ ಮಕ್ಕಳ ಆಟಿಕೆ ಮಾರಬೇಕಾದರೆ ಅದು ಸುರಕ್ಷತಾ ನಿಯಮಗಳಿಗೆ ಒಳಪಟ್ಟು ಸಿಇ ಅಥವಾ ಯುಕೆಸಿಎ ಮುದ್ರೆ ಪಡೆದಿರಬೇಕು. ಮೂವರು ವಿದ್ಯಾವಂತರು, ಅವರಲ್ಲೊಬ್ಬ ವೈದ್ಯ, ಹತ್ತು ತಿಂಗಳು ಬೆವರು ಸುರಿಸಿದ್ದೆವು. ಒಬ್ಬರೂ ಆ ನಿಯಮದ ಪುಟ ತೆರೆದಿರಲಿಲ್ಲ! ದಣಿದ ಮೆದುಳು ಕೈಗೆ ಸಿಕ್ಕ ಕೆಲಸ ಮಾಡುತ್ತದೆ, ಮಾಡಬೇಕಾದ ಕೆಲಸವನ್ನಲ್ಲ. ಮಾರಾಟ ನಿಲ್ಲಿಸಿದೆವು, ಗಿಲಕಿ ಕೊಂಡವರಿಗೆಲ್ಲ ಪತ್ರ ಬರೆದು ಹಣ ಹಿಂದಿರುಗಿಸಿದೆವು.

ಅದಕ್ಕೂ ದೊಡ್ಡ ಗಂಡಾಂತರ ಅದೇ ಚಳಿಗಾಲದಲ್ಲಿ ತಪ್ಪಿತ್ತು. ರಾತ್ರಿ ಪಾಳಿ ಮುಗಿಸಿ ಕಾರು ನಡೆಸುತ್ತಿದ್ದವನು ಎಂ1 ಹೆದ್ದಾರಿಯಲ್ಲಿ ಕಣ್ಣು ಮುಚ್ಚಿದೆ. ರಸ್ತೆಯಂಚಿನ ಉಬ್ಬು ಪಟ್ಟಿಯ ಗರಗರ ಸದ್ದು ಎಬ್ಬಿಸಿತು; ಇಲ್ಲವಾಗಿದ್ದರೆ ಈ ಲೇಖನವನ್ನು ಬೇರೊಬ್ಬರು, ಬೇರೆ ಶೀರ್ಷಿಕೆಯಡಿ ಬರೆಯುತ್ತಿದ್ದರು. ಹದಿನೇಳು ಗಂಟೆ ಸತತವಾಗಿ ಎಚ್ಚರವಿದ್ದವರ ಪ್ರತಿಕ್ರಿಯೆಯ ವೇಗ, ರಕ್ತದಲ್ಲಿ ಸುಮಾರು ಶೇಕಡಾ 0.05 ಮದ್ಯಾಂಶವಿರುವವರ ಮಟ್ಟಕ್ಕೆ ಇಳಿಯಬಲ್ಲದೆಂದು ನಾನೇ ಕಿರಿಯ ವೈದ್ಯರಿಗೆ ಪಾಠ ಹೇಳುತ್ತಿದ್ದೆ.

ವೃತ್ತಿಪರ ಕ್ರೀಡೆ ಈ ಮಾತನ್ನು ಬಲ್ಲದು. ನನ್ನ ಮಗನಿಗೆ ಹದಿಮೂರು ವರ್ಷ. ಸ್ಥಳೀಯ ಕ್ಲಬ್ಬಿನಲ್ಲಿ ವೇಗದ ಬೌಲರ್. ಕಳೆದ ಬೇಸಿಗೆಯಲ್ಲಿ ಎರಡು ವಿಕೆಟ್ ಪಡೆದು ಹುರುಪಿನಲ್ಲಿದ್ದ ಅವನ ಕೈಯಿಂದ ತರಬೇತುದಾರರು ಚೆಂಡನ್ನು ಹಿಂಪಡೆದರು. ಈ ವಯಸ್ಸಿನ ವೇಗಿಗಳು ಒಂದು ಸರದಿಗೆ ಇಷ್ಟೇ ಓವರ್, ದಿನಕ್ಕೆ ಇಷ್ಟೇ ಎಂದು ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಗೆರೆ ಎಳೆದಿದೆ. ಎಳೆಯ ಬೌಲರುಗಳ ಸೊಂಟದ ಕಶೇರುಗಳಲ್ಲಿ, ಮತ್ತೆ ಮತ್ತೆ ಬೀಳುವ ಭಾರದಿಂದ, ಕೂದಲೆಳೆಯಷ್ಟು ಬಿರುಕುಗಳು ಮೂಡುತ್ತವೆ. ನೋವು ಕಾಣಿಸಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದ ನೋವಿಗೆ ಕಾಯದೆ ಎಣಿಕೆಯಿಂದಲೇ ತಡೆಯುತ್ತಾರೆ. ಮಗ ಮುಖ ಊದಿಸಿಕೊಂಡು ಬೌಂಡರಿ ಗೆರೆಯ ಬಳಿ ನಿಂತಿದ್ದ. ನನಗೋ, ನಮ್ಮ ಗೊಂಬೆಯಂಗಡಿಗೂ ಇಂಥ ತರಬೇತುದಾರರೊಬ್ಬರು ಇದ್ದಿದ್ದರೆ ಎನಿಸಿತು.

ಉಪನ್ಯಾಸಕರು ಲೆಸ್ಟರ್ ಸಿಟಿಯನ್ನೂ ಬಿಡಲಿಲ್ಲ. ಮಿಡ್‌ಲ್ಯಾಂಡ್ಸಿನಲ್ಲಿ ಮಾತನಾಡುವವರು ಬಿಡುವುದಾದರೂ ಹೇಗೆ? 2016ರಲ್ಲಿ ಒಂದಕ್ಕೆ ಐದು ಸಾವಿರದ ಬಾಜಿಯನ್ನು ಸುಳ್ಳಾಗಿಸಿ ಲೀಗ್ ಗೆದ್ದ ತಂಡ. ಕನಸು ಕಂಡರು, ಗೆದ್ದರು ಎಂಬಲ್ಲಿಗೆ ಅವರ ಕಥೆ ಮುಗಿಯಿತು. ವ್ಯವಸ್ಥಾಪಕ ರಾನಿಯೇರಿ ಆಟಗಾರರಿಗೆ ವಾರಕ್ಕೆ ಎರಡು ದಿನ ಬಿಡುವು ಕೊಡುತ್ತಿದ್ದರೆಂಬುದು, ಆ ಋತುವಿನಲ್ಲಿ ಗಾಯಾಳುಗಳು ತೀರ ಕಡಿಮೆಯಿದ್ದರೆಂಬುದು ಪರದೆಯ ಮೇಲೆ ಬರಲಿಲ್ಲ. ಜೇಮಿ ವಾರ್ಡಿ ಕೆಳಹಂತದ ಫುಟ್‌ಬಾಲ್ ಆಡುತ್ತಿದ್ದ ಕಾಲದಲ್ಲಿ ವೈದ್ಯಕೀಯ ಸ್ಪ್ಲಿಂಟ್ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೆಂಬುದೂ ಬರಲಿಲ್ಲ. ಆಟ ಅನ್ನ ಕೊಡುವವರೆಗೆ ಕಾರ್ಖಾನೆ ಅನ್ನ ಕೊಟ್ಟಿತು. ಗೆದ್ದ ಒಂಬತ್ತೇ ತಿಂಗಳಿಗೆ ರಾನಿಯೇರಿಯನ್ನು ಕೆಲಸದಿಂದ ತೆಗೆದರು. 2023ರಲ್ಲಿ ತಂಡ ಕೆಳದರ್ಜೆಗೆ ಇಳಿಯಿತು. ಇದೂ ವೃತ್ತಿಪರ ಕ್ರೀಡೆಯೇ.

ಇನ್ನು ಆ 'ದಿನಕ್ಕೆ ಶೇಕಡಾ ಒಂದು' ಲೆಕ್ಕ. ಬ್ರಿಟಿಷ್ ಸೈಕ್ಲಿಂಗ್ ತಂಡ ಸಣ್ಣಸಣ್ಣ ಸುಧಾರಣೆಗಳಿಂದ ಜಗತ್ತನ್ನು ಗೆದ್ದಿತು, ನೀವೂ ದಿನಕ್ಕೆ ಶೇಕಡಾ ಒಂದರಷ್ಟು ಬೆಳೆದರೆ ವರ್ಷಾಂತ್ಯಕ್ಕೆ 37 ಪಟ್ಟಾಗುತ್ತೀರಿ ಎಂದರು. ಗುಣಾಕಾರ ಸರಿಯಾಗಿದೆ. ಆದರೆ ಎಡೆಬಿಡದೆ, ತಡೆಯಿಲ್ಲದೆ ಪ್ರತಿದಿನ ಬೆಳೆಯುವುದನ್ನು ನನ್ನ ವೃತ್ತಿಯಲ್ಲಿ ಗಡ್ಡೆ ಎನ್ನುತ್ತೇವೆ. ಆ ಸೈಕ್ಲಿಂಗ್ ಸಾಧನೆಯ ಹಿಂದೆ 1997ರಿಂದ ಹರಿದು ಬಂದ ರಾಷ್ಟ್ರೀಯ ಲಾಟರಿಯ ಹಣವಿತ್ತು. ಅದೇ ಯಶಸ್ಸಿನ ನೆರಳಿನಲ್ಲಿ ಬೆಳೆದ ಟೀಮ್ ಸ್ಕೈ ಔಷಧಿಗಳ ಬಳಕೆಯಲ್ಲಿ ನೈತಿಕ ಗೆರೆ ದಾಟಿತೆಂದು 2018ರಲ್ಲಿ ಸಂಸದೀಯ ಸಮಿತಿಯೊಂದು ಹೇಳಿತು. ತಂಡ ಅದನ್ನು ನಿರಾಕರಿಸಿತು. ಆದರೆ ತಂಡದ ವೈದ್ಯರಾಗಿದ್ದವರ ಹೆಸರನ್ನು 2021ರಲ್ಲಿ ವೈದ್ಯರ ನೋಂದಣಿಯಿಂದ ತೆಗೆದುಹಾಕಲಾಯಿತು. ಆ ನೋಂದಣಿಯಲ್ಲಿ ನನ್ನ ಹೆಸರೂ ಇರುವುದರಿಂದ ಈ ಉದಾಹರಣೆಯನ್ನು ಚಪ್ಪಾಳೆಯೊಡನೆ ಸ್ವೀಕರಿಸಲು ನನ್ನಿಂದಾಗದು.

ಹೋಲಿಕೆಯಲ್ಲೇ ಒಂದು ಬಿರುಕಿದೆ. ಆಟದಲ್ಲಿ ಎರಡೂ ಕಡೆ ಹನ್ನೊಂದು ಜನ, ನಡುವೆ ಅಂಪೈರ್. ಆನ್‌ಲೈನ್ ಪೇಟೆಯಲ್ಲಿ ಮೈದಾನದ ಒಡೆಯನೇ ಅಂಪೈರ್, ಅನೇಕ ವೇಳೆ ಬ್ಯಾಟನ್ನೂ ಹಿಡಿದಿರುತ್ತಾನೆ. ತನ್ನ ತಾಣದಲ್ಲಿ ಮಾರುವ ಇತರ ವ್ಯಾಪಾರಿಗಳ ಬಹಿರಂಗವಲ್ಲದ ಮಾಹಿತಿಯನ್ನು ಸ್ವಂತ ಚಿಲ್ಲರೆ ವ್ಯಾಪಾರಕ್ಕೆ ಬಳಸುವುದಿಲ್ಲವೆಂದು ಐರೋಪ್ಯ ಆಯೋಗ 2022ರಲ್ಲಿ ಅಮೆಜಾನಿನಿಂದ ವಚನ ಪಡೆಯಬೇಕಾಯಿತು. ಇಂಥ ಮೈದಾನದಲ್ಲಿ ಛಲದಷ್ಟೇ ಬೇಕಾದದ್ದು ಚೆಂಡನ್ನು ಬಿಡುವ ವಿವೇಕ. ದ್ರಾವಿಡ್ ಟೆಸ್ಟಿನಲ್ಲಿ 31,258 ಚೆಂಡುಗಳನ್ನು ಎದುರಿಸಿದರು, ಗಳಿಸಿದ್ದು 13,288 ರನ್. ಮಿಕ್ಕ ಚೆಂಡುಗಳಲ್ಲಿ ಎಷ್ಟನ್ನು ಅವರು ಮುಟ್ಟದೆ ಕೀಪರಿಗೆ ಬಿಟ್ಟಿರಬೇಡ! ಅದನ್ನು ಯಾರೂ ಪರದೆಯ ಮೇಲೆ ತೋರಿಸುವುದಿಲ್ಲ.

ಆ ಇಬ್ಬರು ತರುಣರಿಗೆ ನೇರವಾಗಿ ಹೇಳುತ್ತೇನೆ. ಉದ್ಯಮ ಬೇಡವೆಂದು ಹೇಳುತ್ತಿಲ್ಲ. ನಿಮ್ಮಲ್ಲೊಬ್ಬರು ಸ್ಕಿಲ್ಡ್ ವರ್ಕರ್ ವೀಸಾದ ಮೇಲಿದ್ದೀರಿ. ಆ ವೀಸಾ ಸ್ವಂತ ವ್ಯಾಪಾರಕ್ಕಲ್ಲ, ನೌಕರಿ ಬಿಟ್ಟರೆ ಸಾಮಾನ್ಯವಾಗಿ 60 ದಿನಗಳೊಳಗೆ ಬೇರೆ ಪ್ರಾಯೋಜಕರನ್ನು ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಮೊದಲು ವಲಸೆ ಕಾನೂನು ಬಲ್ಲವರನ್ನು ಕಾಣಿರಿ. ಇನ್ನೊಬ್ಬರು, ಕೂಸಿನ ತಂದೆ, ವಾರಕ್ಕೆ ಎಷ್ಟು ಗಂಟೆ ದುಡಿಯುವಿರಿ, ಎಷ್ಟು ಹಣ ಕಳೆದ ಮೇಲೆ ನಿಲ್ಲಿಸುವಿರಿ ಎಂಬ ಎರಡು ಸಂಖ್ಯೆಗಳನ್ನು ಇಂದೇ ಬರೆದು ಪತ್ನಿಯ ಕೈಗೆ ಕೊಡಿ. ಚೆಂಡನ್ನು ಹಿಂಪಡೆಯುವ ಅಧಿಕಾರ ಆಕೆಗಿರಲಿ. ರಾಜೀನಾಮೆ ಕಳುಹಿಸುವ ಮುನ್ನ ಒಂದು ಸಂಜೆ ನಮ್ಮ ಮನೆಗೆ ಬನ್ನಿ. ನಮ್ಮ ಮಳಿಗೆಯ ಲೆಕ್ಕದ ಪುಸ್ತಕವನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತೇನೆ.

ಕಾರ್ಯಕಾರಿ ಸಮಿತಿಯವರಲ್ಲೂ ಒಂದು ಬಿನ್ನಹ. ರಾಜ್ಯೋತ್ಸವದ ವೇದಿಕೆಗೆ, ಅಂಗಡಿ ತೆರೆದು ಮುಚ್ಚಿದವರೊಬ್ಬರನ್ನು ಕರೆಯಿರಿ. ಯಾರೂ ಒಪ್ಪದಿದ್ದರೆ ನಾನೇ ಬರುತ್ತೇನೆ, ಹದಿನೈದು ನಿಮಿಷ ಸಾಕು. ನಮ್ಮ ಗ್ಯಾರೇಜಿನಲ್ಲಿ ಚನ್ನಪಟ್ಟಣದ ಗೊಂಬೆಗಳ ನಾಲ್ಕು ಪೆಟ್ಟಿಗೆಗಳು ಇನ್ನೂ ಉಳಿದಿವೆ. ದಸರೆಗೆ ಗೊಂಬೆ ಕೂರಿಸುವವರು ಬಂದು ಒಯ್ಯಬಹುದು, ಹಣ ಬೇಡ. ಮೆಟ್ಟಿಲ ಮೇಲೆ ಅಲಂಕಾರಕ್ಕಿಡಿ. ಚಿಕ್ಕ ಮಕ್ಕಳ ಕೈಗೆ ಮಾತ್ರ ಕೊಡಬೇಡಿ.