ಸರ್ವರ್ ಮೇಲೆ ಗೂಬೆ ಯಾಕೆ ಸ್ವಾಮಿ?

ಪಹಣಿ ಬೇಕೆ? ಕಂಪ್ಯೂಟರ್ ಅಂಗಡಿಗೆ ಹೋಗಿ. ಜಾತಿ, ಆದಾಯ ಪ್ರಮಾಣಪತ್ರ ಬೇಕೆ? ಅಲ್ಲಿಗೇ ಹೋಗಿ. ವರ್ತಕರ ಜಿಎಸ್‌ಟಿ ಲೆಕ್ಕವೂ ಅಲ್ಲೇ. ಹಿಂದೆ ತಾಲ್ಲೂಕು ಕಚೇರಿ ಗುಮಾಸ್ತರ ಮೇಜಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ಜನ ಈಗ ಕಂಪ್ಯೂಟರ್ ಹುಡುಗನ ಬೆನ್ನ ಹಿಂದೆ ನಿಂತಿದ್ದಾರೆ. ಮೇಜು ಬದಲಾಯಿತು, ಕ್ಯೂ ಬದಲಾಗಲಿಲ್ಲ.

ಹುಡುಗನ ಬಾಯಲ್ಲಿ ಒಂದೇ ಮಂತ್ರ: "ಸರ್ವರ್ ಇಲ್ಲ." ಸರ್ವರ್ ಕೈಕೊಡುವುದುಂಟು, ಸುಳ್ಳಲ್ಲ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಹೆಂಗಸರು ಪಟ್ಟ ಪಾಡು ಎಲ್ಲರೂ ಬಲ್ಲರು. ಆದರೆ ಎಲ್ಲದಕ್ಕೂ ಸರ್ವರ್ ಮೇಲೆ ಗೂಬೆ ಕೂರಿಸಿದರೆ ಹೇಗೆ? ಆ ಪರದೆಯ ಮೇಲ್ಗಡೆ ಒಮ್ಮೆ ಕಣ್ಣು ಹಾಯಿಸಿ. ಇಪ್ಪತ್ತು ಮೂವತ್ತು ಟ್ಯಾಬುಗಳು, ಸಂತೆ ದಿನದ ಬಸ್ಸಿನಲ್ಲಿ ಜನ ಒತ್ತಿಕೊಂಡು ನಿಂತ ಹಾಗೆ! ಬೆಳಗ್ಗೆ ಬಂದುಹೋದವರ ಅರ್ಜಿ, ಯಾರದೋ ಕರೆಂಟ್ ಬಿಲ್ಲು, ಮಧ್ಯೆ ಒಂದು ಸಿನಿಮಾ ಹಾಡು. ಟ್ಯಾಬು ಹೆಚ್ಚಿದಷ್ಟೂ ಕಂಪ್ಯೂಟರಿನ ಮೆಮೊರಿ ತಿನ್ನುತ್ತದೆ, ಹಳೇ ಯಂತ್ರ ಏದುಸಿರು ಬಿಡುತ್ತದೆ. ನಿಮ್ಮ ಅರ್ಜಿ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಹೊತ್ತು ಮೀರಿ ತಾಣವೇ ಹೊರಗೆ ಹಾಕುತ್ತದೆ. ಮತ್ತೆ ಲಾಗಿನ್, ಮತ್ತೆ ಓಟಿಪಿ. ಅಷ್ಟರಲ್ಲಿ ಊರಿನ ಬಸ್ಸು ಹೋಯಿತು, ಕೂಲಿಯವನ ಅರ್ಧ ದಿನದ ದುಡಿಮೆಯೂ ಹೋಯಿತು.

ಮದ್ದು ಕೀಬೋರ್ಡಿನಲ್ಲೇ ಇದೆ, ಕಾಸು ಬೇಡ. ಕಂಟ್ರೋಲ್ ಕೀ ಒತ್ತಿ ಹಿಡಿದು ಟಿ ಒತ್ತಿದರೆ ಹೊಸ ಟ್ಯಾಬು. ಡಬ್ಲ್ಯು ಒತ್ತಿದರೆ ಎದುರಿಗಿದ್ದದ್ದು ಬಂದ್. 1ರಿಂದ 8ರವರೆಗೆ ಯಾವ ಅಂಕಿ ಒತ್ತಿದರೆ ಆ ನಂಬರಿನ ಟ್ಯಾಬು, 9 ಒತ್ತಿದರೆ ಕಟ್ಟಕಡೆಯದು. ಕೈತಪ್ಪಿ ಮುಚ್ಚಿಹೋದದ್ದನ್ನು ವಾಪಸ್ ಕರೆಯಲು ಕಂಟ್ರೋಲ್, ಶಿಫ್ಟ್, ಟಿ. ದಿನಾ ಬೇಕಾಗುವ ಸರ್ಕಾರಿ ತಾಣವನ್ನು ಕಂಟ್ರೋಲ್ ಡಿ ಒತ್ತಿ ಬುಕ್‌ಮಾರ್ಕ್ ಮಾಡಿಟ್ಟರೆ ಮುಗಿಯಿತು. ಪ್ರತಿಸಲ ಗೂಗಲ್‌ನಲ್ಲಿ ಹುಡುಕಹೊರಟರೆ ಅಸಲಿಯಂತೆ ಕಾಣುವ ನಕಲಿ ತಾಣಕ್ಕೆ ಬೀಳುವ ಭಯವೂ ಉಂಟು. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಹೆಚ್ಚು ಖರ್ಚಾಗುವ ಮಾಲನ್ನು ಅಟ್ಟದ ಮೇಲೆ ಯಾರಾದರೂ ಇಡುತ್ತಾರೆಯೇ?

ಹೊತ್ತು ಹೋದರೆ ಹೋಗಲಿ, ಮರ್ಯಾದೆ ಮತ್ತು ದುಡ್ಡಿನ ಗತಿ? ಟ್ಯಾಬು ಮುಚ್ಚಿದ ಮಾತ್ರಕ್ಕೆ ಲಾಗೌಟ್ ಆದಂತಲ್ಲ. ಮುಚ್ಚಿದ್ದನ್ನು ವಾಪಸ್ ಕರೆಯುವ ಅದೇ ಮೂರು ಕೀಗಳನ್ನು ನಿಮ್ಮ ನಂತರ ಬಂದವನು ಒತ್ತಿದರೆ, ನಿಮ್ಮ ಖಾತೆ ಅವನ ಕಣ್ಣೆದುರು ತೆರೆದುಕೊಳ್ಳಬಹುದು. ಆದ್ದರಿಂದ ಮೊದಲು ಲಾಗೌಟ್, ಆಮೇಲೆ ಟ್ಯಾಬು ಬಂದ್. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಒತ್ತಿದರೆ ಇನ್‌ಕಾಗ್ನಿಟೋ ಎಂಬ ಖಾಸಗಿ ಕಿಟಕಿ ಬರುತ್ತದೆ. ಅಂಥ ಕಿಟಕಿಗಳನ್ನೆಲ್ಲ ಮುಚ್ಚಿದರೆ ಲಾಗಿನ್ ಗುರುತು ಆ ಕಂಪ್ಯೂಟರಿನಲ್ಲಿ ಉಳಿಯದು. ಆದರೆ ಡೌನ್‌ಲೋಡ್ ಮಾಡಿದ ಆಧಾರ್, ಪಾನ್ ಪ್ರತಿಗಳು ಅಲ್ಲೇ ಬಿದ್ದಿರುತ್ತವೆ. ಅವನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿಸಿಯೇ ಕದಲಬೇಕು.

ಗಿರಾಕಿಗೊಂದು ಕಿಟಕಿ, ಕೆಲಸ ಮುಗಿದೊಡನೆ ಅದು ಬಂದ್. ಈ ಒಂದು ನಿಯಮ ಪಾಲಿಸಲು ಏನು ಕಷ್ಟ? ಕೇಂದ್ರ ನಡೆಸಲು ಪರವಾನಗಿ ಕೊಡುವವರು ಈ ಹುಡುಗರಿಗೆ ಒಂದು ದಿನ ಕೂರಿಸಿ ಪಾಠ ಹೇಳಬಾರದೇಕೆ? ಹುಡುಗರನ್ನು ಬೈದು ಫಲವಿಲ್ಲ, ಕಲಿಸಿದವರಾದರೂ ಯಾರು? ಅಧಿಕಾರಿಗಳು ಏಳುವವರೆಗೆ ಓದುಗರೇ ಬಾಯಿಬಿಟ್ಟು ಕೇಳಲಿ: "ಲಾಗೌಟ್ ಮಾಡಿದ್ಯೇನಪ್ಪಾ?" ಕೇಳಲು ಸಂಕೋಚವೇಕೆ, ದುಡ್ಡು ಕೊಟ್ಟಿಲ್ಲವೇ?