ಕೈರುಚಿಯೆಂಬ ಮಂಕುಬೂದಿ

“ಎಂಥ ದೊಡ್ಡ ಹೋಟೆಲಿಗೇ ಹೋಗಿ, ಮನೆಯೂಟದ ರುಚಿ ಎಲ್ಲಿಂದ ಬರಬೇಕು!” ಈ ಮಾತನ್ನು ಕೇಳದ ಹೆಂಗಸು ನಮ್ಮಲ್ಲಿ ಯಾರಾದರೂ ಇದ್ದಾರೆಯೇ? ಮದುವೆ ಮನೆಯ ಪಂಕ್ತಿಯಲ್ಲಿ, ರೈಲು ಡಬ್ಬಿಯಲ್ಲಿ, ನಮ್ಮ ಸ್ಟಾಫ್ ರೂಮಿನಲ್ಲಿ, ಎಲ್ಲೆಲ್ಲೂ ಇದೇ ಮಾತು. ಹೇಳುವವರು ಬಹುಮಟ್ಟಿಗೆ ಗಂಡಸರು. ಹೇಳಿದವರು ತೇಗಿ, ಕೈ ತೊಳೆದು, ಪೇಪರ್ ಹಿಡಿದು ಕೂರುತ್ತಾರೆ. ತಟ್ಟೆ ಎತ್ತುವವರು, ಒಲೆಕಟ್ಟೆ ಒರೆಸುವವರು, ನಾಳೆಯ ದೋಸೆಗೆ ಅಕ್ಕಿ ನೆನೆಹಾಕುವವರು ನಾವು. ಆ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದು ಅರ್ಧ ಮಾತು. ಉಳಿದರ್ಧವನ್ನು ಯಾರೂ ಆಡದಿರುವುದರಿಂದ ನಾನು ಆಡುತ್ತೇನೆ.

ಮೊದಲು ದೊಡ್ಡ ಹೋಟೆಲುಗಳ ವಿಷಯ ಮುಗಿಸಿಬಿಡೋಣ. ಅಲ್ಲಿಯ ಬಿಲ್ಲಿನಲ್ಲಿ ಊಟದ ಪಾಲೆಷ್ಟು, ದೀಪದ ಗೊಂಚಲಿನ ಪಾಲೆಷ್ಟು ಎಂದು ಬಿಡಿಸಿ ಹೇಳುವವರಿಲ್ಲ. ಕುಡಿಯುವ ನೀರಿನ ಬಾಟಲಿಯನ್ನೇ ನೋಡಿ. ಅದರ ಮೇಲೆ ಅಚ್ಚಾದ ಗರಿಷ್ಠ ಬೆಲೆಗಿಂತ ಹೆಚ್ಚು ವಸೂಲು ಮಾಡಬಹುದೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹೋಟೆಲಿನವರು ಬರೀ ನೀರು ಮಾರುವುದಿಲ್ಲ, ಸೇವೆಯನ್ನೂ ಸೇರಿಸಿ ಕೊಡುತ್ತಾರೆ, ಆದ್ದರಿಂದ ಮಾಡಬಹುದು ಎಂದು 2017ರ ಡಿಸೆಂಬರಿನಲ್ಲಿ ತೀರ್ಪಾಯಿತು. ಸಾಧಾರಣ ದರ್ಶಿನಿಯ ಇಡ್ಲಿಗೆ ಶೇಕಡಾ 5ರಷ್ಟು ಜಿ.ಎಸ್.ಟಿ.; ದಿನಕ್ಕೆ 7,500 ರೂಪಾಯಿ ಮೀರಿದ ಬಾಡಿಗೆಯ ಕೋಣೆಗಳಿರುವ ಹೋಟೆಲಿನ ಇಡ್ಲಿಗೆ ಶೇಕಡಾ 18. ಅಕ್ಕಿಯೂ ಅದೇ, ಉದ್ದೂ ಅದೇ!

ರುಚಿಯಲ್ಲಿ ಮನೆಯೇ ಗೆಲ್ಲುತ್ತದೆ ಎನ್ನಿ, ಒಪ್ಪುತ್ತೇನೆ. ಅದರಲ್ಲಿ ಪವಾಡವೇನೂ ಇಲ್ಲ. ಸಾರಿಗೆ ಇಂಗು ಸಾಸಿವೆಯ ಒಗ್ಗರಣೆ ಬಿದ್ದ ಐದೇ ನಿಮಿಷಕ್ಕೆ ಅದು ತಟ್ಟೆಗೆ ಬರುವುದು ಮನೆಯಲ್ಲಿ. ಬಫೆಯಲ್ಲಾದರೆ ಅದೇ ಸಾರು ಗಂಟೆಗಟ್ಟಲೆ ಬಿಸಿನೀರಿನ ಟ್ರೇ ಮೇಲೆ ಕುಳಿತಿರುತ್ತದೆ. ಹುರಿದ ಮಸಾಲೆಯ ಪರಿಮಳ ಹಾರಿಹೋಗುವಂಥದು, ಕಾಯಿಸಿದಷ್ಟೂ ಕಳೆಯುತ್ತದೆ. ಜೋಳದ ರೊಟ್ಟಿಯೂ ಅಷ್ಟೇ, ಹಂಚಿನಿಂದ ನೇರವಾಗಿ ತಟ್ಟೆಗೆ ಬಿದ್ದರೇ ಚೆಂದ. ಅಂದಮೇಲೆ ಮನೆಯೂಟದ ಗುಟ್ಟು ಹೊತ್ತಿನಲ್ಲಿದೆ. ಉಣ್ಣುವವರ ಹೊತ್ತಿಗೆ ಸರಿಯಾಗಿ ಒಲೆಯ ಮುಂದೆ ಒಬ್ಬರು ನಿಂತಿರಬೇಕು. ಆ ಒಬ್ಬರು ಯಾರು? ರೊಟ್ಟಿ ಬಡಿಯುವವಳು ಬಿಸಿ ರೊಟ್ಟಿ ತಿಂದದ್ದನ್ನು ನೀವು ಯಾವತ್ತಾದರೂ ಕಂಡಿದ್ದೀರಾ?

ಈಗೀಗ ದೊಡ್ಡ ಹೋಟೆಲುಗಳೂ ಜಾಣರಾಗಿವೆ. ಮನೆಯೂಟವನ್ನೇ ಮಾರುತ್ತಿವೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ ನಮ್ಮ ರಾಗಿ, ನವಣೆಗಳಿಗೆ ಅಲ್ಲಿ ರಾಜಮರ್ಯಾದೆ. ಬಂಧುವೊಬ್ಬರ ಅರವತ್ತರ ಸಮಾರಂಭಕ್ಕೆಂದು ಬೆಂಗಳೂರಿನ ಅಂಥದೊಂದು ಹೋಟೆಲಿಗೆ ಹೋಗಿದ್ದೆ. ಮೆನು ಕಾರ್ಡಿನಲ್ಲಿ ‘ಅಜ್ಜಿಯ ಕೈರುಚಿ’ ಎಂಬ ತಲೆಬರಹದ ಕೆಳಗೆ ಬಸ್ಸಾರು! ಸೊಪ್ಪು ಕಾಳು ಬೇಯಿಸಿ ಬಸಿದ ನೀರನ್ನೂ ಚೆಲ್ಲದೆ ಸಾರು ಮಾಡುವ ನಮ್ಮ ಮಿತವ್ಯಯದ ಅಡಿಗೆ ಕಂಚಿನ ಬಟ್ಟಲೇರಿ ಕುಳಿತಿತ್ತು. ಮಾಡಿದವರು ಯಾರೆಂದು ವಿಚಾರಿಸಿದೆ. ಬಿಳಿ ಟೋಪಿಯ ಹುಡುಗನೊಬ್ಬ ನಗುತ್ತಾ ಬಂದ. “ಅಮ್ಮನಿಂದ ಕಲಿತದ್ದು ಮೇಡಂ” ಎಂದ. ಚೆನ್ನಾಗಿಯೇ ಮಾಡಿದ್ದ, ಅವನ ಮೇಲೆ ನನಗೆ ಮೆಚ್ಚುಗೆಯೇ. ಆದರೆ ಲೆಕ್ಕ ನೋಡಿ. ಅದೇ ಬಸ್ಸಾರಿಗೆ ಮಗನಿಗೆ ಸಂಬಳ, ವಾರದ ರಜೆ, ಕೋಟಿನ ಮೇಲೆ ಹೆಸರಿನ ಪಟ್ಟಿ. ತಾಯಿಗೆ ‘ಕೈರುಚಿ’ ಎಂಬ ಬಿರುದು.

ಇದು ಇವತ್ತಿನ ಕಥೆಯೇನಲ್ಲ. ಒಳ್ಳೆಯ ಅಡಿಗೆಗೆ ನಾವು ನಳಪಾಕ ಎನ್ನುತ್ತೇವೆ, ಭೀಮಪಾಕ ಎನ್ನುತ್ತೇವೆ. ದಮಯಂತಿಪಾಕ, ದ್ರೌಪದಿಪಾಕ ಎಂದವರಿಲ್ಲ. 16ನೆಯ ಶತಮಾನದ ಆರಂಭದಲ್ಲಿ ಕನ್ನಡದಲ್ಲಿ ‘ಸೂಪಶಾಸ್ತ್ರ’ ಬರೆದ ಮೂರನೆಯ ಮಂಗರಸ ಗಂಡಸು. ಮದುವೆಗೆ ಬರುವವರು ಅಡಿಗೆ ಭಟ್ಟರು. ಉಡುಪಿ ಹೋಟೆಲುಗಳ ಹೆಸರನ್ನು ಊರೂರಿಗೆ ಒಯ್ದವರೂ ಗಂಡಸರೇ. ದುಡ್ಡು, ಹೆಸರು ಎರಡೂ ಇರುವ ಒಲೆ ಗಂಡಸಿನದು. ಎರಡೂ ಇಲ್ಲದ ಒಲೆ ಹೆಂಗಸಿನದು. ಹೀಗಿರುವಾಗ ‘ಗಂಡಸರಿಗೆ ಅಡಿಗೆ ಬರುವುದಿಲ್ಲ’ ಎಂಬ ನೆಪವನ್ನು ನಾವು ಇಷ್ಟು ಕಾಲ ನಂಬಿದ್ದಾದರೂ ಹೇಗೆ?

ನಾನು ಸಿಟ್ಟಿಗೆ ಹೇಳುತ್ತಿಲ್ಲ, ಸರ್ಕಾರದ ಲೆಕ್ಕವೇ ಇದೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಅದೂ ಕೆಲಸಕ್ಕೆ ಕೈಹಾಕುವ ಗಂಡಸರದಷ್ಟೇ; ಕೈಹಾಕದವರು ಲೆಕ್ಕಕ್ಕೇ ಬಂದಿಲ್ಲ. ನಮ್ಮ ಶಾಲೆಯ ಭಾಷೆಯಲ್ಲಿ ಹೇಳುವುದಾದರೆ 289 ನಿಮಿಷವೆಂದರೆ ನಲವತ್ತು ನಿಮಿಷದ ಏಳು ಪೀರಿಯಡ್ಡು. ಇದಕ್ಕೆ ಭಾನುವಾರವಿಲ್ಲ, ದಸರಾ ರಜೆಯಿಲ್ಲ. ಹಬ್ಬ ಬಂದರೆ ಎರಡು ಪೀರಿಯಡ್ಡು ಹೆಚ್ಚು!

ಹಾಗಾದರೆ ಈ ಕೆಲಸಕ್ಕೆ ಬೆಲೆ ಕಟ್ಟಿದವರೇ ಇಲ್ಲವೇ? ಇದ್ದಾರೆ, ನ್ಯಾಯಾಲಯದಲ್ಲಿ. ಆದರೆ ಅವಳು ಸತ್ತ ಮೇಲೆ. 1989ರಲ್ಲಿ ಜಮ್‌ಶೆಡ್‌ಪುರದ ಸಮಾರಂಭವೊಂದರಲ್ಲಿ ಬೆಂಕಿ ಬಿದ್ದು ತೀರಿಕೊಂಡವರಲ್ಲಿ ಗೃಹಿಣಿಯರೂ ಇದ್ದರು. ಪರಿಹಾರ ನಿಗದಿ ಮಾಡುವಾಗ 2001ರಲ್ಲಿ ಸುಪ್ರೀಂ ಕೋರ್ಟು ಅವರ ಮನೆಗೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಎಂದು ಲೆಕ್ಕ ಹಿಡಿಯಿತು. 2021ರ ಜನವರಿಯಲ್ಲಿ ರಸ್ತೆ ಅಪಘಾತದ ಪ್ರಕರಣವೊಂದರಲ್ಲಿ, ಗೃಹಿಣಿಯ ದುಡಿಮೆಗೆ ಆರ್ಥಿಕ ಮೌಲ್ಯವಿಲ್ಲವೆಂಬ ಭಾವನೆಯೇ ತಪ್ಪು ಎಂದು ಅದೇ ನ್ಯಾಯಾಲಯ ಹೇಳಿತು. ಒಳ್ಳೆಯ ಮಾತೇ. ಆದರೆ ಹೆಂಗಸಿನ ಅಡಿಗೆಯ ಬೆಲೆ ತಿಳಿಯಲು ಅವಳು ಲಾರಿಯಡಿ ಸಿಗಬೇಕೇ?

ಈ ರೋಗ ಮನೆಯ ಹೊಸ್ತಿಲು ದಾಟಿ ಶಾಲೆಗೂ ಬಂದಿದೆ. 2002ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಅಕ್ಷರ ದಾಸೋಹದಿಂದ ಎಷ್ಟು ಮಕ್ಕಳ ಹೊಟ್ಟೆ ತುಂಬಿದೆಯೋ! ಸಾಂಬಾರಿನ ವಾಸನೆ ಬಂತೆಂದರೆ ನಮ್ಮ ಪಾಠ ಅಲ್ಲಿಗೆ ಮುಗಿದಂತೆಯೇ. ಆ ದೊಡ್ಡ ಪಾತ್ರೆಗಳನ್ನು ಇಳಿಸಿ, ಬಡಿಸಿ, ತಿಕ್ಕುವವರು ಹೆಚ್ಚಾಗಿ ಹೆಂಗಸರು. ಅವರಿಗೆ ಸಿಗುವುದಕ್ಕೆ ಸಂಬಳವೆಂಬ ಹೆಸರಿಲ್ಲ, ‘ಗೌರವಧನ’! ತಾರಾ ಹೋಟೆಲಿನ ಬಾಣಸಿಗನಿಗೆ ಗೌರವಧನ ಕೊಡುತ್ತೇವೆಂದರೆ ಅವನು ಸೌಟು ಎಸೆದು ಹೋದಾನು. ಹುಬ್ಬಳ್ಳಿ, ಕಲಬುರಗಿಯ ಕಡೆ ಖಡಕ್ ರೊಟ್ಟಿ ಮಾಡಿ ಮಾರುವ ಹೆಂಗಸರನ್ನು ನೋಡಿ. ಅಲ್ಲಿ ರೊಟ್ಟಿಗೆ ಇಷ್ಟೆಂದು ಲೆಕ್ಕವಿದೆ. ಲೆಕ್ಕ ಇಟ್ಟರೆಂದು ರೊಟ್ಟಿಯ ರುಚಿ ಕೆಟ್ಟದ್ದನ್ನು ನಾನು ಕೇಳಿಲ್ಲ.

“ಪ್ರೀತಿಗೂ ಬೆಲೆ ಕಟ್ಟುತ್ತೀರಾ ಟೀಚರ್?” ಎಂದು ಕೇಳುವವರಿದ್ದಾರೆ. ಪ್ರೀತಿಗೆ ಬೇಡ ಸ್ವಾಮಿ, ಬೆವರಿಗೆ ಕಟ್ಟಿ. ದುಡ್ಡು ಕೊಡಲಾಗದಿದ್ದರೆ ಕೆಲಸ ಹಂಚಿಕೊಳ್ಳಿ. ಅನ್ನಪೂರ್ಣೆ ಎಂದು ಕೈಮುಗಿಯುವ ಕೈಗಳು ನಾಲ್ಕು ಪಾತ್ರೆಯನ್ನೂ ತೊಳೆಯಲಿ.

ನಮ್ಮವರಿಗೂ ಒಂದು ಮಾತು ಹೇಳಬೇಕು. ಹೊಗಳಿಕೆ ಕಿವಿಗೆ ಬಿದ್ದ ಕೂಡಲೇ ಇನ್ನೊಂದು ಸೌಟು ಬಡಿಸಲು ಓಡುವವರು ನಾವೇ. ಜ್ವರದಲ್ಲೂ ಸೊಂಟಕ್ಕೆ ಸೆರಗು ಸಿಕ್ಕಿಸುವವರು ನಾವೇ. ಗಂಡ ಹೆಂಡತಿ ಇಬ್ಬರೂ ದುಡಿದು ರಾತ್ರಿ ಮನೆ ಸೇರಿ ಹೋಟೆಲಿನಿಂದ ಪಾರ್ಸೆಲ್ ತರಿಸಿದರೆ, ಮಗನಿಗೆ ‘ಪಾಪ, ದಣಿದಿದ್ದಾನೆ’, ಸೊಸೆಗೆ ‘ಸೋಮಾರಿ’ ಎನ್ನುವವರು ಯಾರು? ಮಂಕುಬೂದಿ ಎರಚುವವರದು ಎಷ್ಟು ತಪ್ಪೋ, ಹಣೆಗೆ ಹಚ್ಚಿಕೊಂಡು ಮೆರೆಯುವವರದೂ ಅಷ್ಟೇ ತಪ್ಪು.

ದೊಡ್ಡ ಹೋಟೆಲಿನಿಂದ ಕಲಿಯಬೇಕಾದದ್ದು ಒಂದಿದೆ. ಅಲ್ಲಿ ಹೆಚ್ಚುವವನೊಬ್ಬ, ಬೇಯಿಸುವವನೊಬ್ಬ, ತೊಳೆಯುವವನೊಬ್ಬ. ಪಾಳಿ ಮುಗಿದರೆ ಮನೆಗೆ. ನಮ್ಮ ಮನೆಗಳಲ್ಲೂ ಪಾಳಿ ಬರಲಿ. ಮಗಳಂತೆ ಮಗನೂ ಎಸ್.ಎಸ್.ಎಲ್.ಸಿ. ಮುಗಿಸುವ ಹೊತ್ತಿಗೆ ಅನ್ನ ಮಾಡಲು, ತಿಳಿಸಾರು ಇಳಿಸಲು, ಒಲೆಕಟ್ಟೆ ಒರೆಸಲು ಕಲಿತಿರಲಿ. ಮನೆಯೂಟವೇ ಶ್ರೇಷ್ಠವೆಂದು ನಂಬಿರುವ ಯಜಮಾನರು ಅದಕ್ಕಾಗಿ ದೂರವೇನೂ ಹೋಗಬೇಕಾಗಿಲ್ಲ. ಅಡಿಗೆಮನೆ ಹಜಾರದ ಪಕ್ಕದಲ್ಲೇ ಇದೆ.